ಮಿದುಳಿಗೆಂದು ಬೆಳೆದ ಎರಡು ಸೊಪ್ಪುಗಳು

ತೀರ್ಥಹಳ್ಳಿ ಸೀಮೆಯ ನಮ್ಮ ಅಡಿಕೆ ತೋಟದ ಬಸಿಗಾಲುವೆಗಳಲ್ಲಿ ಒಂದೆಲಗ ತಾನಾಗಿಯೇ ಹಬ್ಬುತ್ತದೆ. ಆದರೆ ನೆನಪಿನ ಶಕ್ತಿಗೆಂದು ಯಾರಾದರೂ ಕೇಳಿಕೊಂಡು ಬಂದರೆ ನಾನು ಅಲ್ಲಿಂದ ಕಿತ್ತು ಕೊಡುವುದಿಲ್ಲ. ಕೊಳೆರೋಗ ಬಾರದಿರಲೆಂದು ಮಳೆಗಾಲದಲ್ಲಿ ಅಡಿಕೆ ಕೊನೆಗಳಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, ಅಷ್ಟೇ ಸುಣ್ಣ ಇರುತ್ತದೆ; ಅದು ತೊಟ್ಟಿಕ್ಕುವುದು ಕೆಳಗಿನ ಸೊಪ್ಪಿನ ಮೇಲೆಯೇ, ಮೈಲುತುತ್ತದಲ್ಲಿರುವ ತಾಮ್ರ ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ. ನೆನಪಿಗೆಂದೇ ಜನ ಕೇಳುವ ಇನ್ನೊಂದು ಸೊಪ್ಪಾದ ನೀರುಬ್ರಾಹ್ಮಿಯ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ಕ್ಯಾಡ್ಮಿಯಂ, ಸೀಸದಂತಹ ಲೋಹಗಳನ್ನು ನೀರಿನಿಂದ ಹೀರಿ ಒಡಲಲ್ಲಿಟ್ಟುಕೊಳ್ಳುವುದು ಆ ಗಿಡದ ಸ್ವಭಾವ. ಚರಂಡಿಯ ನೀರು ಸೇರುವ ಗದ್ದೆಯಂಚಿನಲ್ಲಿ ಅದು ಎಷ್ಟೇ ಸೊಂಪಾಗಿ ಬೆಳೆದಿದ್ದರೂ ಔಷಧಕ್ಕೆ ಬಾರದು.

ಹಾಗಾಗಿ ತೋಟದಿಂದ ದೂರ, ಗುಡ್ಡದ ಒರತೆಯ ನೀರು ಹಾಯುವಲ್ಲಿ ಎರಡಕ್ಕೂ ಬೇರೆ ಬೇರೆ ಪಾತಿ ಮಾಡಿದ್ದೇನೆ. ಮಾರುಕಟ್ಟೆಯಲ್ಲಿ ಎರಡೂ ಬ್ರಾಹ್ಮಿ ಎಂದೇ ಮಾರಾಟವಾಗುತ್ತವೆ. ಪುಡಿಯಾದ ಮೇಲೆ ಯಾವುದು ಯಾವುದೆಂದು ಕಣ್ಣಿಗೆ ತಿಳಿಯುವುದಿಲ್ಲ. ಒಂದೆಲಗದ್ದು ಉದ್ದ ತೊಟ್ಟಿನ ದುಂಡನೆಯ ಎಲೆ. ನೀರುಬ್ರಾಹ್ಮಿಯದು ಎದುರುಬದುರಾಗಿ ಜೋಡಿಸಿದ ದಪ್ಪನೆಯ ಪುಟ್ಟ ಎಲೆ, ತಿಳಿನೇರಳೆ ಛಾಯೆಯ ಬಿಳಿ ಹೂವು, ನಾಲಿಗೆಗೆ ಕಟುವಾದ ಕಹಿ. ಚರಕ ಸಂಹಿತೆ ಮೇಧ್ಯ ರಸಾಯನಗಳೆಂದು, ಅಂದರೆ ಬುದ್ಧಿಗೆ ಬಲ ಕೊಡುವ ಔಷಧಗಳೆಂದು ಹೇಳುವ ನಾಲ್ಕರಲ್ಲಿ ಮಂಡೂಕಪರ್ಣಿ, ಅಂದರೆ ನಮ್ಮ ಒಂದೆಲಗ, ಸೇರಿದೆ. ಜ್ಯೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿ ಉಳಿದವು. ನೆನಪಿನ ಬಗ್ಗೆ ಮನುಷ್ಯರ ಮೇಲೆ ನಡೆದ ಇತ್ತೀಚಿನ ಪ್ರಯೋಗಗಳಲ್ಲಿ ಹೆಚ್ಚಿನವು ನೀರುಬ್ರಾಹ್ಮಿಯವು. ಒಂದರ ಫಲವನ್ನು ಇನ್ನೊಂದರ ಹೆಸರಿಗೆ ಬರೆಯುವುದು ನನಗೆ ಒಪ್ಪಿಗೆಯಿಲ್ಲ.

ಮುಂಗಾರು ಹಿಡಿದೊಡನೆ ಗೆಣ್ಣಿರುವ ತುಂಡುಗಳನ್ನು ನೆಡುತ್ತೇನೆ. ಮಳೆ ಬಿಟ್ಟ ಮೇಲೆ, ಮತ್ತೆ ಚಿಗುರಲು ಬುಡದಲ್ಲಿ ನಾಲ್ಕು ಬೆರಳಿನಷ್ಟು ಬಿಟ್ಟು ಕೊಯ್ದು, ಗಾಳಿಯಾಡುವ ನೆರಳಿನಲ್ಲಿ ತೆಳುವಾಗಿ ಹರವುತ್ತೇನೆ. ನಮ್ಮ ಥಂಡಿಗೆ ಬೂಷ್ಟು ಹಿಡಿದದ್ದು ಕಂಡರೆ ಆ ಹರವನ್ನು ಪೂರ್ತಿ ಗೊಬ್ಬರದ ಗುಂಡಿಗೆ ಹಾಕುತ್ತೇನೆ.

ಒಂದೆಲಗವನ್ನು ಕಾಯಿತುರಿ, ಜೀರಿಗೆ, ಕಾಳುಮೆಣಸಿನೊಂದಿಗೆ ರುಬ್ಬಿ ಮಜ್ಜಿಗೆ ಬೆರೆಸಿದ ತಂಬುಳಿ ನಮ್ಮ ಮನೆಯ ಊಟ. ಅದನ್ನು ಚಿಕಿತ್ಸೆಯೆಂದು ನಾನು ಹೇಳುವುದಿಲ್ಲ. ನೀರುಬ್ರಾಹ್ಮಿಯ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಕೊಟ್ಟದ್ದು ಆ ಗಿಡದ ಮುಖ್ಯ ಔಷಧೀಯ ವಸ್ತುವಾದ ಬ್ಯಾಕೋಸೈಡ್ ಅಂಶವನ್ನು ಅಳೆದು ಹದಗೊಳಿಸಿದ ಸಾರ, ದಿನಕ್ಕೆ 300 ಮಿಲಿಗ್ರಾಂ, 12 ವಾರ. ಕಲಿತದ್ದನ್ನು ನೆನಪಿನಲ್ಲಿಟ್ಟುಕೊಳ್ಳುವಲ್ಲಿ ಕೆಲವು ಪ್ರಯೋಗಗಳಲ್ಲಿ ಸುಧಾರಣೆ ಕಂಡಿದೆ. ಆಲ್ಝೈಮರ್ ಕಾಯಿಲೆಯನ್ನು ಅದು ತಡೆಯುತ್ತದೆಂದು ಸಿದ್ಧವಾಗಿಲ್ಲ. ವಾಕರಿಕೆ, ಹೊಟ್ಟೆ ನುಲಿತ, ಭೇದಿ ಆಗುವುದುಂಟು. ಹಿರಿಯರಿಗೆ ಮರೆವು ಹೆಚ್ಚಿದೆಯೆಂದು ಬಂದವರಿಗೆ ಮೊದಲು ವೈದ್ಯರಲ್ಲಿ ಥೈರಾಯ್ಡ್ ಮತ್ತು ಬಿ12 ಪರೀಕ್ಷೆ ಮಾಡಿಸಲು ಹೇಳುತ್ತೇನೆ, ಏಕೆಂದರೆ ಅವುಗಳ ಕೊರತೆಯಿಂದ ಬಂದ ಮರೆವಿಗೆ ನೇರ ಚಿಕಿತ್ಸೆಯಿದೆ.