ಹಳೇ ಮಾರುತಿ 800ರ ಸ್ಟೀರಿಂಗ್ ಲೂಸ್: ಕಾರಣ ಹುಡುಕಿದ ನನ್ನ ಅನುಭವ

ನನ್ನ 1998ರ ಮಾರುತಿ 800 ಎಪ್ಪತ್ತು ಕಿ.ಮೀ. ವೇಗ ದಾಟಿತು ಅಂದರೆ ತನಗಿಷ್ಟ ಬಂದ ಕಡೆ ಹೋಗುತ್ತಿತ್ತು. ಹಾಸನದಿಂದ ಚನ್ನರಾಯಪಟ್ಟಣದ ಕಡೆ ಹೈವೇ ಚೆನ್ನಾಗಿದೆ. ಅಲ್ಲೂ ಕೈ ಸುಮ್ಮನಿರುವ ಹಾಗಿರಲಿಲ್ಲ. ಸಡಿಲ ಮೂಗುದಾರ ಹಿಡಿದು ಎತ್ತು ಹೊಡೆದ ಹಾಗೆ. ಒಂದು ಗ್ಯಾರೇಜಿಗೆ ತೋರಿಸಿದೆ. ಬಾನೆಟ್ ಕೂಡ ಎತ್ತಲಿಲ್ಲ. ಸ್ಟೀರಿಂಗ್ ಹಿಡಿದು ಅಲ್ಲಾಡಿಸಿ, "ರ‍್ಯಾಕೇ ಹೋಗಿದೆ ಸಾರ್, ಹೊಸದು ಹಾಕ್ಬೇಕು" ಅಂದರು. ರ‍್ಯಾಕ್ ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಎಡ-ಬಲ ಸರಿದು ಚಕ್ರಗಳನ್ನು ತಿರುಗಿಸುವ ಹಲ್ಲಿನ ಸರಳು. ಹೋಗಿರಲೂಬಹುದು. ಆದರೆ ಸ್ಟೀರಿಂಗ್‌ನಿಂದ ಟೈರಿನವರೆಗೆ ಎಷ್ಟೊಂದು ಜಾಯಿಂಟು, ಬುಷ್ಷುಗಳಿವೆ (ಬುಷ್ ಅಂದರೆ ಜೋಡಣೆಯ ನಡುವೆ ಕೂರುವ ರಬ್ಬರ್ ತುಂಡು). ಅದರಲ್ಲಿ ದುಬಾರಿಯದೇ ಹೋಗಿದೆ ಅಂತ ಸೀಟಲ್ಲಿ ಕೂತೇ ಹೇಗೆ ಗೊತ್ತಾಗುತ್ತದೆ? ಗಾಡಿ ಮನೆಗೆ ತಂದು ನಾನೇ ನೋಡಲು ಶುರು ಮಾಡಿದೆ.

ಮೊದಲು ಟೈರ್. ಇದು ಬಿಟ್ಟಿ ಕೆಲಸ, ಅದಕ್ಕೇ ಮೊದಲು. ನಾಲ್ಕಕ್ಕೂ ಸರಿಯಾಗಿ ಗಾಳಿ ಹಿಡಿಸಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಖು ಇರುತ್ತದೆ. 2316 ಅಂತ ಇದ್ದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ನನ್ನ ಟೈರುಗಳು ತೀರಾ ಹಳೆಯವಲ್ಲ. ಮುಂದಿನದು ಹಿಂದೆ, ಹಿಂದಿನದು ಮುಂದೆ ಹಾಕಿ ಓಡಿಸಿದೆ. ಏನೂ ಬದಲಾಗಲಿಲ್ಲ. ಅಲ್ಲಿಗೆ ಟೈರಿನ ಮೇಲಿನ ಅನುಮಾನ ಹೋಯಿತು.

ಆಮೇಲೆ ಪ್ಲೇ ಅಳೆದೆ, ಅಂದರೆ ಟೈರ್ ಅಲುಗದೆ ಸ್ಟೀರಿಂಗ್ ಸುಮ್ಮನೆ ತಿರುಗುವಷ್ಟು ಸಡಿಲ. ಚಕ್ರ ನೇರ ಇಟ್ಟು ಗಾಡಿ ನಿಲ್ಲಿಸಿ, ಸ್ಟೀರಿಂಗ್ ಅಂಚಿಗೆ ಒಂದು ಚೂರು ಟೇಪ್ ಅಂಟಿಸಿ, ಅದರ ಹಿಂದೆ ಒಂದು ಸ್ಕೇಲ್ ಕಟ್ಟಿದೆ. ಒಂದು ಬೆರಳಲ್ಲಿ ಎಡಕ್ಕೆ ತಳ್ಳಿ, ಟೈರ್ ಅಲುಗುವ ಹೊತ್ತಿಗೆ ನಿಲ್ಲಿಸುವುದು. ಹಾಗೇ ಬಲಕ್ಕೆ. ಮಾರುತಿಯ ಲೆಕ್ಕದಲ್ಲಿ 30 ಮಿ.ಮೀ.ವರೆಗೆ ಇದ್ದರೆ ತೊಂದರೆ ಇಲ್ಲ. ನನ್ನದು ಹತ್ತಿರ ಹತ್ತಿರ ಎರಡು ಇಂಚು ಇತ್ತು. 800ರದು ಕೈಬಲದ ಸ್ಟೀರಿಂಗ್, ಹಾಗಾಗಿ ಇಂಜಿನ್ ಆಫ್ ಇದ್ದರೂ ಅಳತೆ ಸಿಗುತ್ತದೆ. ಪವರ್ ಸ್ಟೀರಿಂಗ್ ಗಾಡಿಯಾದರೆ ಇಂಜಿನ್ ಚಾಲೂ ಇಟ್ಟು ನೋಡಬೇಕು.

ಇಲ್ಲಿ ಒಂದು ವಿಷಯ ಗಮನಿಸಿ. ಪ್ಲೇ ಬೇರೆ, ಗಾಡಿ ಅಲೆಯುವುದು ಬೇರೆ. ಕೆಲವು ಗಾಡಿಗಳಲ್ಲಿ ಪ್ಲೇ ಒಂದು ಚೂರೂ ಇರುವುದಿಲ್ಲ, ಆದರೂ ನೇರ ಹೋಗುವುದಿಲ್ಲ. ಅಂಥದ್ದಕ್ಕೆ ಸ್ಟೀರಿಂಗ್ ಜಾಯಿಂಟ್ ಹುಡುಕಿ ಪ್ರಯೋಜನವಿಲ್ಲ. ಬುಷ್, ಬೇರಿಂಗ್, ಚಕ್ರಗಳ ದಿಕ್ಕು ಹೊಂದಿಸುವ ಅಲೈನ್‌ಮೆಂಟ್ ನೋಡಬೇಕು. ನನ್ನ ಗಾಡಿಗೆ ಎರಡೂ ಇದ್ದವು. ಒಂದು ರಿಪೇರಿ ಮಾಡಿ ಇನ್ನೊಂದು ಬಿಟ್ಟಿದ್ದರೆ "ಇಷ್ಟೆಲ್ಲಾ ಮಾಡಿದರೂ ಸರಿಹೋಗಲಿಲ್ಲ" ಅಂತ ಕೂತಿರುತ್ತಿದ್ದೆ.

ಪ್ಲೇ ಎಲ್ಲಿದೆ ಅಂತ ಹುಡುಕಲು ಇನ್ನೊಬ್ಬರು ಬೇಕೇ ಬೇಕು. ಅಕ್ಕನ ಮಗನನ್ನು ಡ್ರೈವರ್ ಸೀಟಲ್ಲಿ ಕೂರಿಸಿದೆ. ಗಾಡಿಯ ನಾಲ್ಕೂ ಚಕ್ರ ನೆಲದ ಮೇಲೇ ಇರಬೇಕು, ಆಗಲೇ ಜಾಯಿಂಟಿನ ಮೇಲೆ ನಿಜವಾದ ಭಾರ ಬೀಳುವುದು. ಅವನು ಪ್ಲೇ ಇರುವಷ್ಟೇ ಜಾಗದಲ್ಲಿ ಎಡ-ಬಲ ಅಲ್ಲಾಡಿಸುತ್ತಿರಬೇಕು. ಮೊದಲು ಜೋರಾಗಿ ತಿರುಗಿಸಿದ. "ಮೆಲ್ಲಗೆ ಕಣೋ, ಬಸ್ ಓಡಿಸ್ತಿಲ್ಲ ನೀನು" ಅಂದೆ. "ಇಷ್ಟು ಸಾಕಾ ಮಾವ?" ಅಂತ ಸರಿಯಾದ ಲಯಕ್ಕೆ ಬಂದ.

ನಾನು ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ಒಂದೊಂದೇ ಜಾಯಿಂಟ್ ನೋಡುತ್ತಾ ಹೋದೆ. ಲೆಕ್ಕ ಸರಳ. ಒಂದು ತುದಿ ಅಲ್ಲಾಡುತ್ತಿದೆ, ಇನ್ನೊಂದು ತುದಿ ಸುಮ್ಮನಿದೆ ಅಂದರೆ ನಡುವೆ ಇರುವ ಜಾಯಿಂಟೇ ಕಳ್ಳ. ಕಣ್ಣಿಗಿಂತ ಬೆರಳು ಚೆನ್ನಾಗಿ ಹೇಳುತ್ತದೆ. ಜಾಯಿಂಟಿನ ಎರಡೂ ಭಾಗ ಸೇರಿಸಿ ಹಿಡಿದರೆ ಸವೆದದ್ದು ಕೈಗೆ ಟಕ್ ಟಕ್ ಅಂತ ಹೊಡೆಯುತ್ತದೆ. ಸ್ಟೀರಿಂಗ್ ಶಾಫ್ಟಿನ ಜಾಯಿಂಟ್ ಗಟ್ಟಿಯಾಗಿತ್ತು, ಬೋಲ್ಟೂ ಬಿಗಿ. ರ‍್ಯಾಕಿನ ರಬ್ಬರ್ ಬೂಟನ್ನು ಹೊರಗಿನಿಂದ ಹಿಸುಕಿ ಒಳಗಿನ ಬಾಲ್ ಜಾಯಿಂಟ್ ಹಿಡಿದು ನೋಡಿದೆ, ಅದೂ ಸರಿ. ಎಡಗಡೆ ಟೈ ರಾಡ್ ಎಂಡಿನಲ್ಲಿ, ಅಂದರೆ ರ‍್ಯಾಕಿನಿಂದ ಚಕ್ರಕ್ಕೆ ಹೋಗುವ ರಾಡಿನ ತುದಿಯ ಜಾಯಿಂಟಿನಲ್ಲಿ ಸಿಕ್ಕಿತು. ರಾಡ್ ಓಡಾಡುತ್ತದೆ, ಚಕ್ರ ಕಾದು ಆಮೇಲೆ ಬರುತ್ತದೆ. ರಬ್ಬರ್ ಟೋಪಿ ಹರಿದು ಒಳಗೆ ಗ್ರೀಸ್ ಬದಲು ಕೆಮ್ಮಣ್ಣು ತುಂಬಿತ್ತು.

ಆದರೆ ಎರಡು ಇಂಚಿಗೆ ಅದೊಂದೇ ಸಾಲದು ಅನ್ನಿಸಿತು. ಮತ್ತೆ ರ‍್ಯಾಕಿನ ಹತ್ತಿರ ಹೋದೆ. ಈ ಸಲ ಜಾಯಿಂಟ್ ಬಿಟ್ಟು ರ‍್ಯಾಕಿನ ಮೈಯನ್ನೇ ನೋಡಿದೆ. ಗಾಡಿಯ ಬಾಡಿಯ ಮೇಲೆ ಅದನ್ನು ಹಿಡಿದಿರುವ ಕ್ಲಾಂಪಿನ ಕೆಳಗೆ ರಬ್ಬರ್ ಇರುತ್ತದೆ. ಮೇಲಿನಿಂದ ಆಯಿಲ್ ತೊಟ್ಟಿಕ್ಕಿ ಆ ರಬ್ಬರ್ ಉಬ್ಬಿ ಮೆತ್ತಗಾಗಿತ್ತು. ಹುಡುಗ ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಇಡೀ ರ‍್ಯಾಕ್ ಪಕ್ಕಕ್ಕೆ ಜಾರಿ, ಅಲ್ಲಿ ತಡೆ ಸಿಕ್ಕ ಮೇಲಷ್ಟೇ ಟೈ ರಾಡನ್ನು ತಳ್ಳುತ್ತಿತ್ತು. ರ‍್ಯಾಕ್ ಜಾರುತ್ತಿತ್ತು ನಿಜ, ಆದರೆ ಅದರ ಹಲ್ಲು ಸವೆದಿರಲಿಲ್ಲ. ಹೊಸ ರ‍್ಯಾಕನ್ನು ಇದೇ ಕೊಳೆತ ರಬ್ಬರಿನ ಮೇಲೆ ಕೂರಿಸಿದ್ದರೆ ಅದೂ ಹೀಗೇ ಜಾರುತ್ತಿತ್ತು, ಅಲ್ವಾ?

ರ‍್ಯಾಕಿಗೆ ಒಂದು ಅಡ್ಜಸ್ಟಿಂಗ್ ಸ್ಕ್ರೂ ಇರುತ್ತದೆ. ಲೂಸ್ ಅಂದ ಕೂಡಲೇ ಅದನ್ನು ಬಿಗಿ ಮಾಡುವವರು ಜಾಸ್ತಿ. ನನಗೆ ಇದು ಇಷ್ಟವಿಲ್ಲ. ರ‍್ಯಾಕ್ ಸವೆಯುವುದು ನಡುವಿನ ಹಲ್ಲುಗಳಲ್ಲಿ, ಯಾಕೆಂದರೆ ಗಾಡಿ ಓಡುವುದು ಬಹುಪಾಲು ನೇರಕ್ಕೆ. ಅಲ್ಲಿಗೆ ಹೊಂದುವ ಹಾಗೆ ಬಿಗಿ ಮಾಡಿದರೆ ಸವೆಯದ ಕೊನೆಗಳಲ್ಲಿ ಹಿಡಿದುಕೊಳ್ಳುತ್ತದೆ. ಶಿರಾಡಿ ಘಾಟಿಯ ತಿರುವಿನಲ್ಲಿ ಸ್ಟೀರಿಂಗ್ ತಾನಾಗಿ ವಾಪಸ್ ಬರದಿದ್ದರೆ ಏನಾಗುತ್ತದೆ ಯೋಚಿಸಿ.

ಇನ್ನು ಅಲೆಯುವ ಕಾಯಿಲೆ. ಮುಂದಿನ ಚಕ್ರ ಎತ್ತಿದೆ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಪಕ್ಕದಲ್ಲಿ ಸ್ಟ್ಯಾಂಡ್ ಇಟ್ಟೇ ಮುಂದಿನ ಕೆಲಸ. ಬರೀ ಜಾಕ್ ನಂಬಿ ಗಾಡಿ ಕೆಳಗೆ ನುಗ್ಗಬೇಡಿ. ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿದರೆ ವೀಲ್ ಬೇರಿಂಗ್ ಅಥವಾ ಲೋಯರ್ ಬಾಲ್ ಜಾಯಿಂಟ್ ಗೊತ್ತಾಗುತ್ತದೆ. ಎರಡರಲ್ಲಿ ಯಾವುದು ಅಂತ ಅನುಮಾನ ಬಂದರೆ ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಿ. ಅಲುಗಾಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ನನ್ನ ಗಾಡಿಯಲ್ಲಿ ಎರಡೂ ಚೆನ್ನಾಗಿದ್ದವು.

800ರಲ್ಲಿ ಮುಂದಿನ ಸ್ಟೆಬಿಲೈಸರ್ ಬಾರ್ ಬರೀ ಗಾಡಿ ವಾಲದಂತೆ ತಡೆಯುವುದಿಲ್ಲ. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು, ಅಂದರೆ ಲೋಯರ್ ಆರ್ಮ್, ಹಿಂದೆ ಮುಂದೆ ಹೋಗದಂತೆ ಹಿಡಿಯುವುದೂ ಅದೇ. ಅದರ ಬುಷ್ ಹೋದರೆ ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ, ಆಕ್ಸಿಲೇಟರ್ ಕೊಟ್ಟಾಗ ಮುಂದಕ್ಕೆ ಜರುಗುತ್ತದೆ. ಡ್ರೈವರಿಗೆ ಸ್ಟೀರಿಂಗಲ್ಲೇ ಏನೋ ಆಗಿದೆ ಅನ್ನಿಸುತ್ತದೆ. ಪರೀಕ್ಷೆ ಸುಲಭ: ಗಾಡಿಯನ್ನು ನೆಲಕ್ಕಿಳಿಸಿ ಒಬ್ಬರು ಬ್ರೇಕ್ ಒತ್ತಿ ಕೂರಬೇಕು, ಇನ್ನೊಬ್ಬರು ಗಾಡಿಯನ್ನು ಹಿಂದೆ ಮುಂದೆ ದೂಡಬೇಕು. ಮಡ್‌ಗಾರ್ಡಿನೊಳಗೆ ಚಕ್ರ ಜರುಗುವುದು ಕಣ್ಣಿಗೇ ಕಂಡಿತು. ಬುಷ್ ಬಿಚ್ಚಿದರೆ ಅರ್ಧ ರಬ್ಬರೇ ಇರಲಿಲ್ಲ.

ಸಾಮಾನು ಎಲ್ಲಾ ಸೇರಿ ಹೊಸ ರ‍್ಯಾಕಿನ ಬೆಲೆಯ ಹತ್ತಿರಕ್ಕೂ ಹೋಗಲಿಲ್ಲ. ಟೈ ರಾಡ್ ಎಂಡನ್ನು ಎರಡೂ ಕಡೆ ಬದಲಿಸಿದೆ. ಹಳೆಯದು ತೆಗೆಯುವ ಮೊದಲು ಲಾಕ್ ನಟ್ ಇದ್ದ ಜಾಗಕ್ಕೆ ಪೇಂಟ್ ಗುರುತು ಹಾಕಿ, ಹೊಸದನ್ನೂ ಅಲ್ಲಿಗೇ ಕೂರಿಸಿದೆ. ಅಲೈನ್‌ಮೆಂಟ್ ಅಂಗಡಿವರೆಗೆ ಓಡಿಸಲು ಅಷ್ಟು ಸಾಕು. ನಟ್ ಬಿಚ್ಚಿಕೊಳ್ಳದಂತೆ ತಡೆಯುವ ಕಾಟರ್ ಪಿನ್ ಹೊಸದೇ ಹಾಕಿ, ಹಳೆಯದನ್ನು ನೇರ ಮಾಡಿ ಚುಚ್ಚಬೇಡಿ. ಬುಷ್ಷಿನ ನಟ್‌ಗಳನ್ನು ಕೊನೆಯ ಬಿಗಿ ಮಾಡಿದ್ದು ಗಾಡಿ ನೆಲಕ್ಕಿಳಿಸಿದ ಮೇಲೆ. ಚಕ್ರ ತೂಗಾಡುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ರ‍್ಯಾಕಿನ ರಬ್ಬರ್ ಹಾಕುವುದು ಮಾತ್ರ ಕಿರಿಕಿರಿ, ಅಲ್ಲಿ ಕೈ ಹೋಗಲು ಜಾಗವೇ ಇಲ್ಲ. ಆಯಿಲ್ ಸೋರುತ್ತಿದ್ದ ಜಾಗಕ್ಕೂ ಹೊಸ ಪ್ಯಾಕಿಂಗ್ ಹಾಕಿಸಿದೆ, ಇಲ್ಲದಿದ್ದರೆ ಹೊಸ ರಬ್ಬರಿಗೂ ಅದೇ ಗತಿ.

ಅಲೈನ್‌ಮೆಂಟ್ ಎಲ್ಲದಕ್ಕಿಂತ ಕೊನೆಗೆ. ಜಾಯಿಂಟ್ ಅಲ್ಲಾಡುವ ಗಾಡಿಗೆ ಅಲೈನ್‌ಮೆಂಟ್ ಮಾಡಿಸುವುದು ದುಡ್ಡು ದಂಡ, ಅಂಗಡಿ ದಾಟುವಷ್ಟರಲ್ಲಿ ಅಳತೆ ಬದಲಾಗಿರುತ್ತದೆ. ನನ್ನದರಲ್ಲಿ ಮುಂದಿನ ಚಕ್ರಗಳ ಮೂತಿ ಹೊರಕ್ಕೆ ತಿರುಗಿತ್ತು. ಗಾಡಿ ಅಲೆಯುವುದಕ್ಕೆ ಅದೂ ಒಂದು ಕಾರಣ.

ಈಗ ಪ್ಲೇ ಅರ್ಧ ಇಂಚಿನ ಒಳಗಿದೆ. ಹೈವೇಯಲ್ಲಿ ಲಾರಿ ಪಕ್ಕದಲ್ಲಿ ಹೋದರೆ ಈಗಲೂ ಗಾಡಿ ನಡುಗುತ್ತದೆ. ಸುಮಾರು 650 ಕೆಜಿಯ ಗಾಡಿ, ಅದಕ್ಕೆ ಯಾವ ಬುಷ್ಷೂ ಮದ್ದಲ್ಲ. ರಸ್ತೆ ಎಡಕ್ಕೆ ಇಳಿಜಾರಿರುವ ಕಡೆ ಸ್ವಲ್ಪ ಎಡಕ್ಕೆ ಎಳೆಯುತ್ತದೆ, ಅದು ರಸ್ತೆಯ ಗುಣ. ಬಲಗಡೆ ರ‍್ಯಾಕ್ ಬೂಟಿನಲ್ಲಿ ಸಣ್ಣ ಬಿರುಕು ಕಂಡಿದೆ. ಒಳಗೆ ನೀರು ಹೋದರೆ ಆಗ ನಿಜವಾಗಿಯೂ ರ‍್ಯಾಕ್ ಹೋಗುತ್ತದೆ. ಮಳೆ ಶುರುವಾಗುವ ಮೊದಲು ಅದನ್ನು ಬದಲಿಸಬೇಕು.