ಚಿಲ್ಲರೆಯಲ್ಲಿ ತಪ್ಪು ನಾಣ್ಯ ಹುಡುಕುವುದು: ನನ್ನ ಅನುಭವ

ಯುಪಿಐ ಬಂದ ಮೇಲೆ ಬೆಂಗಳೂರಿನಲ್ಲಿ ಚಿಲ್ಲರೆ ಕೈಗೆ ಬರುವುದೇ ಕಡಿಮೆ. ನನಗೋ ತಪ್ಪು ನಾಣ್ಯ, ಅಂದರೆ ಟಂಕಸಾಲೆಯಲ್ಲೇ ಅಚ್ಚು ತಪ್ಪಿ ಬಂದ ನಾಣ್ಯ ಹುಡುಕುವ ಹುಚ್ಚು. ಅದಕ್ಕೇ ನಾನು ಬಿಎಂಟಿಸಿ ಬಸ್ಸಿನಲ್ಲಿ ಬೇಕಂತಲೇ ನೋಟು ಕೊಡುತ್ತೇನೆ. ಗಾಂಧಿ ಬಜಾರಿನ ಹೂವಿನವರ ಹತ್ತಿರವೂ ಅಷ್ಟೇ, ನೋಟು ಕೊಟ್ಟು ನಾಣ್ಯ ಎಣಿಸಿಕೊಳ್ಳುತ್ತೇನೆ. ರಾತ್ರಿ ಅದನ್ನೆಲ್ಲ ಟೇಬಲ್ ಲ್ಯಾಂಪ್ ಕೆಳಗೆ ಹರಡಿಕೊಂಡು ಕೂರುವುದು. ಸಾಮಾನು ಜಾಸ್ತಿ ಬೇಡ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಸಣ್ಣ ತಕ್ಕಡಿ, ಒಂದು ಅಯಸ್ಕಾಂತ.

ಮೊದಲು ಇಸವಿಯ ಕೆಳಗಿನ ಟಂಕಸಾಲೆಯ ಗುರುತು ನೋಡುತ್ತೇನೆ. ವಜ್ರದಾಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. 1985ರ ಒಂದು ರೂಪಾಯಿಯಲ್ಲಿ ‘ಎಚ್’ ಅಕ್ಷರ ಕಂಡರೆ ಅದು ಬರ್ಮಿಂಗ್‌ಹ್ಯಾಮ್‌ನಲ್ಲಿ ಅಚ್ಚಾದದ್ದು. ಇವು ಯಾವುವೂ ತಪ್ಪು ನಾಣ್ಯಗಳಲ್ಲ. ಆದರೂ ಚುಕ್ಕಿ ತೋರಿಸಿ ‘ಅಪರೂಪದ ನಾಣ್ಯ’ ಅಂತ ಸಾವಿರಗಟ್ಟಲೆ ಕೇಳುವವರಿದ್ದಾರೆ!

ಏನಾದರೂ ವಿಚಿತ್ರ ಕಂಡರೆ ನಾನು ಕೇಳಿಕೊಳ್ಳುವುದು ಒಂದೇ: ಇದು ಟಂಕಸಾಲೆಯಲ್ಲಿ ಹೇಗೆ ಆಗಿರಬಹುದು? ಬಿಲ್ಲೆ (ಇನ್ನೂ ಚಿತ್ರ ಮೂಡದ ಲೋಹದ ತುಂಡು) ಕತ್ತರಿಸುವಾಗ ಆಗಿರಬೇಕು, ಇಲ್ಲ ಡೈ (ಚಿತ್ರ ಒತ್ತುವ ಅಚ್ಚು) ಕೆಟ್ಟಿರಬೇಕು, ಇಲ್ಲ ಬಿಲ್ಲೆಯ ಮೇಲೆ ಡೈಯ ಹೊಡೆತ ತಪ್ಪಿರಬೇಕು. ಈ ಮೂರರಲ್ಲಿ ಎಲ್ಲೂ ಕೂರದಿದ್ದರೆ ಅದು ಹೊರಗೆ ಬಂದ ಮೇಲೆ ಆದ ಗಾಯ.

ಭೂಪಟ ಇರುವ ಹಳೆಯ ಎರಡು ರೂಪಾಯಿ ಒಂದು ನನ್ನ ಹತ್ತಿರ ಇದೆ. ಅಂಚಿನಿಂದ ಭೂಪಟದವರೆಗೆ ಒಂದು ಗೆರೆ. ಬರಿಗಣ್ಣಿಗೆ ಗೀರಿದ ಹಾಗೇ ಕಾಣುತ್ತದೆ. ದೀಪ ಓರೆಯಾಗಿ ಬೀಳುವಂತೆ ಹಿಡಿದು ಲೂಪ್ ಇಟ್ಟರೆ ಗೆರೆ ಉಬ್ಬಿದೆ, ಇಳಿದಿಲ್ಲ. ಡೈ ಬಿರುಕು ಬಿಟ್ಟಾಗ ಲೋಹ ಆ ಬಿರುಕಿನೊಳಗೆ ನುಗ್ಗುತ್ತದೆ, ಅದಕ್ಕೇ ನಾಣ್ಯದ ಮೇಲೆ ಉಬ್ಬು. ಗೀರು ಯಾವತ್ತೂ ತಗ್ಗು. ಇನ್ನೊಂದು ವಿಷಯ, ಅದೇ ಡೈಯಿಂದ ಬಂದ ಬೇರೆ ನಾಣ್ಯಗಳಲ್ಲೂ ಅದೇ ಜಾಗದಲ್ಲಿ ಆ ಗೆರೆ ಇರಬೇಕು. ಜೋಡಿ ಸಿಕ್ಕಿದರೆ ಅನುಮಾನವೇ ಉಳಿಯುವುದಿಲ್ಲ.

ಅಂಚು ಕಚ್ಚಿದಂತಿರುವ ನಾಣ್ಯ ಸಿಕ್ಕರೆ ನಾನು ಕಚ್ಚಿದ ಜಾಗ ನೋಡುವುದೇ ಇಲ್ಲ, ನೇರ ಎದುರು ಬದಿ ನೋಡುತ್ತೇನೆ. ಬಿಲ್ಲೆಯಲ್ಲೇ ತುಂಡು ಹೋಗಿದ್ದರೆ ಅಂಚು ಎಬ್ಬಿಸುವಾಗ ಎದುರು ಬದಿಗೆ ಒತ್ತಡ ಸಾಲುವುದಿಲ್ಲ. ಸಾಮಾನ್ಯವಾಗಿ ಅಲ್ಲಿ ಅಂಚು ಸಪ್ಪೆಯಾಗಿರುತ್ತದೆ. ಅರದಿಂದ ಉಜ್ಜಿದವನಿಗೆ ಇದು ಹೊಳೆಯುವುದಿಲ್ಲ, ಎದುರಿನ ಅಂಚು ದಪ್ಪಗೇ ಉಳಿದಿರುತ್ತದೆ.

ಡೈ ತಿರುಗಿದ್ದನ್ನು ಹಿಡಿಯುವುದು ಸುಲಭ. ನಮ್ಮ ನಾಣ್ಯದಲ್ಲಿ ಎರಡೂ ಮುಖದ ತಲೆ ಒಂದೇ ಕಡೆ. ಪುಸ್ತಕದ ಹಾಳೆ ತಿರುವಿದಂತೆ ತಿರುವಿದರೆ ಸಿಂಹಗಳು ನೆಟ್ಟಗೆ ನಿಲ್ಲಬೇಕು. ಸ್ವಲ್ಪ ವಾಲಿದ್ದಕ್ಕೆ ವ್ಯಾಪಾರಿಗಳು ತಿರುಗಿಯೂ ನೋಡುವುದಿಲ್ಲ. ಪೂರ್ತಿ ತಲೆಕೆಳಗಾಗಿದ್ದರೆ ಮಾತು ಬೇರೆ.

ಸಂಗ್ರಹಕಾರರಿಗೆಲ್ಲ ಆಸೆ ಲಾಖಿ ನಾಣ್ಯದ ಮೇಲೆ. ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡೇ ಇದ್ದಾಗ ಮುಂದಿನ ಬಿಲ್ಲೆಯ ಒಂದು ಮುಖ ಸರಿಯಾಗಿ ಬಂದು, ಇನ್ನೊಂದರಲ್ಲಿ ಅದೇ ಚಿತ್ರ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಮೂಡುತ್ತದೆ. ಎರಡು ನಾಣ್ಯ ಸೇರಿಸಿ ವೈಸಿನಲ್ಲಿ (ವರ್ಕ್‌ಶಾಪಿನ ಬಿಗಿಹಿಡಿಕೆ) ಒತ್ತಿ ಇದನ್ನೇ ಮಾಡುವವರೂ ಇದ್ದಾರೆ. ಅಂಥದ್ದರಲ್ಲಿ ಮೂಲ ಚಿತ್ರದ ಉಬ್ಬು ಜಜ್ಜಿ ಹೋಗಿ, ಕೆಳಗೆ ಇನ್ನೂ ಇಣುಕುತ್ತಿರುತ್ತದೆ.

ಅಕ್ಷರ ಎರಡೆರಡಾಗಿ ಕಂಡರೆ ಕುಣಿದಾಡಬೇಡಿ. ಅಕ್ಷರದ ಪಕ್ಕ ಚಪ್ಪಟೆ ಮೆಟ್ಟಿಲಿನ ಹಾಗೆ ಇದ್ದರೆ ಅದು ಹೊಡೆದ ಮೇಲೆ ಡೈ ಅಲುಗಾಡಿದ್ದು, ಬೆಲೆ ಇಲ್ಲ. ಡೈಯಲ್ಲೇ ಎರಡು ಸಲ ಮೂಡಿದ್ದರೆ ಎರಡನೆಯ ಅಕ್ಷರವೂ ದುಂಡಗೆ ಉಬ್ಬಿ, ತುದಿಗಳಲ್ಲಿ ಸೀಳು ಕಾಣುತ್ತದೆ.

ಅಯಸ್ಕಾಂತ ಯಾಕೆ ಅಂದರೆ, 1992ರಿಂದ ಬಂದ ಸ್ಟೀಲ್ ಒಂದು ರೂಪಾಯಿ ಅಂಟಿಕೊಳ್ಳಬೇಕು, ತೂಕ 4.85 ಗ್ರಾಂ. 2011ರ ಹೊಸ ವಿನ್ಯಾಸದ್ದು 3.79 ಗ್ರಾಂ. ಭೂಪಟದ ತಾಮ್ರ-ನಿಕ್ಕಲ್ ಎರಡು ರೂಪಾಯಿ ಅಂಟುವುದಿಲ್ಲ. ಇದಕ್ಕೆ ತಾಳೆಯಾಗದಿದ್ದರೆ ಮೊದಲು ನಕಲಿ ಅಂತಲೇ ಅನುಮಾನ ಪಡುತ್ತೇನೆ, ಆಮೇಲೆ ತಪ್ಪು ಬಿಲ್ಲೆಯ ಆಸೆ, ಅಂದರೆ ಬೇರೆ ನಾಣ್ಯದ ಬಿಲ್ಲೆಯ ಮೇಲೆ ಅಚ್ಚಾಗಿರಬಹುದು ಅನ್ನುವ ಆಸೆ.

ನಡುವಿನ ಬಿಲ್ಲೆ ಇಲ್ಲದ ಹತ್ತು ರೂಪಾಯಿಯನ್ನು ನಾನು ಕೊಳ್ಳುವುದಿಲ್ಲ. ಸುತ್ತಿಗೆ ಇದ್ದರೆ ಯಾರು ಬೇಕಾದರೂ ಮಾಡಬಹುದು ಅಲ್ವಾ? ಉಂಗುರದ ಮೇಲೆ ಚಿತ್ರವೇ ಮೂಡದೆ ಖಾಲಿ ಇದ್ದರೆ, ಇಲ್ಲ ಚಿತ್ರ ಎರಡು ಲೋಹ ಕೂಡುವ ಗೆರೆ ದಾಟಿ ಒಂದು ಕಡೆ ಸರಿದಿದ್ದರೆ, ಆಗ ಲೂಪ್ ತೆಗೆಯುತ್ತೇನೆ.

ಸಿಕ್ಕಿದ್ದನ್ನು ಹುಣಸೆಹಣ್ಣು ಹಾಕಿ ತೊಳೆಯಲು ಹೋಗಬೇಡಿ. ಹೊಳಪು ಬರುತ್ತದೆ, ಬೆಲೆ ಹೋಗುತ್ತದೆ. ನಾನು ಪಿವಿಸಿ ಇಲ್ಲದ ಕವರಿಗೆ ಹಾಕಿ, ಚೀಟಿಯಲ್ಲಿ ಇಸವಿ, ಟಂಕಸಾಲೆ, ತೂಕ ಬರೆದಿಡುತ್ತೇನೆ.