ಕಾರಿನ ಬಾಗಿಲಿಂದ ಮ್ಯಾಟ್ ಒದ್ದೆಯಾಗುತ್ತಿದೆಯೇ?

ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗಾಲದಲ್ಲಿ ಕಾರಿನ ಬಾಗಿಲು ತೆಗೆದೊಡನೆ ಮುಗ್ಗಲು ವಾಸನೆ ಹೊಡೆಯುವುದು, ಕಾಲಡಿಯ ಮ್ಯಾಟ್ ಒದ್ದೆಯಾಗಿರುವುದು ಹೊಸತೇನಲ್ಲ. ಹೆಚ್ಚಿನವರು ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗನ್ನು ದೂರಿ, ಹೊಸದನ್ನು ಹಾಕಿಸಿ, ಮುಂದಿನ ಮಳೆಗೆ ಮತ್ತೆ ಮ್ಯಾಟನ್ನು ಬಿಸಿಲಿಗೆ ಹರವುತ್ತಾರೆ, ಬಿಸಿಲು ಬಿದ್ದರೆ.

ಗಾಜಿನ ಮೇಲೆ ಇಳಿದ ನೀರು ಬಾಗಿಲಿನ ಟೊಳ್ಳಿಗೆ ಹೋಗುವುದು ಸಹಜ. ಗಾಜಿನಂಚಿನ ರಬ್ಬರ್ ಪಟ್ಟಿ ಅದನ್ನು ಪೂರ್ತಿ ತಡೆಯುವುದಿಲ್ಲ. ಆ ನೀರು ಬಾಗಿಲಿನ ತಳದ ತೂತುಗಳಿಂದ ಹೊರಬೀಳಬೇಕು. ಟೊಳ್ಳಿಗೂ ಒಳಗಿನ ಪ್ಯಾನಲ್‌ಗೂ ನಡುವೆ ತಗಡಿಗೆ ಅಂಟಿಸಿದ ಪ್ಲಾಸ್ಟಿಕ್ ಅಥವಾ ಫೋಮ್ ಹಾಳೆಯೊಂದಿರುತ್ತದೆ. ಸ್ಪೀಕರ್ ಬದಲಿಸುವಾಗಲೋ ಪವರ್ ವಿಂಡೋ ರಿಪೇರಿಯಲ್ಲೋ ಅದನ್ನು ಕಿತ್ತು, ಅಂಟು ಒಣಗಿದ್ದರೂ ಹಾಗೆಯೇ ಒತ್ತಿಬಿಟ್ಟರೆ ನೀರು ಒಳಗಿಳಿಯುತ್ತದೆ.

ಮೊದಲು ತಳದ ತೂತುಗಳನ್ನು ನೋಡಿ. ತೋಟದ ದಾರಿಯ ಕೆಸರು, ಸಿಲ್ವರ್ ಓಕ್ ಎಲೆಗಳ ಚೂರು ಅಲ್ಲಿ ಕಟ್ಟಿಕೊಂಡಿದ್ದರೆ, ಬಾಗಿಲು ತೆಗೆದು ಮುಚ್ಚುವಾಗ ಒಳಗೆ ನೀರು ಕುಲುಕುವುದು ಕೇಳಿಸಬಹುದು. ಪ್ಲಾಸ್ಟಿಕ್ ಕೇಬಲ್ ಟೈಯಿಂದ ಚುಚ್ಚಿ ಬಿಡಿಸಿ. ಕಬ್ಬಿಣದ ತಂತಿ ಬಣ್ಣ ಕೆರೆದು ತುಕ್ಕಿಗೆ ದಾರಿ ಮಾಡುತ್ತದೆ. ನೀರು ಬರುತ್ತದೆಂದು ಈ ತೂತುಗಳನ್ನೇ ಮುಚ್ಚುವವರೂ ಇದ್ದಾರೆ. ಬಾಗಿಲು ಕೊಳೆಸಲು ಅದಕ್ಕಿಂತ ಸುಲಭದ ಉಪಾಯವಿಲ್ಲ.

ಪ್ಯಾನಲ್ ತೆಗೆಯುವ ಮೊದಲು ಗಾಜನ್ನು ಪೂರ್ತಿ ಮುಚ್ಚಿ, ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ ಕೆಲ ನಿಮಿಷ ಕಾಯಿರಿ. ಕೆಲವು ಕಾರುಗಳ ಬಾಗಿಲಲ್ಲಿ ಏರ್‌ಬ್ಯಾಗ್‌ನ ಸೆನ್ಸರ್ ಇರುತ್ತದೆ. ಅಂಥ ಬಾಗಿಲನ್ನು ಅನುಭವಿಗಳಿಗೇ ಬಿಡುವುದು ಒಳ್ಳೆಯದು. ಹಿಡಿಕೆಯ ಹಿಂದಿನ ಸ್ಕ್ರೂಗಳನ್ನು ಬಿಚ್ಚಿ, ಪ್ಲಾಸ್ಟಿಕ್ ಪಟ್ಟಿಯಿಂದ ಕ್ಲಿಪ್‌ಗಳನ್ನು ಒಂದೊಂದಾಗಿ ಎಬ್ಬಿಸಬೇಕು. ಒಂದೆರಡಾದರೂ ಮುರಿಯುತ್ತವೆ, ಹೆಚ್ಚುವರಿ ಕ್ಲಿಪ್ ಮೊದಲೇ ತಂದಿಡಿ.

ಈಗ ಹಾಳೆಯ ಕೆಳಗೆ ಒಣ ವೃತ್ತಪತ್ರಿಕೆ ಹರಡಿ, ಮುಚ್ಚಿದ ಗಾಜಿನ ಮೇಲೆ ಪೈಪಿನಿಂದ ನಿಧಾನವಾಗಿ ನೀರು ಬಿಡಿ. ಕಾಗದ ಎಲ್ಲಿ ತೊಯ್ಯುತ್ತದೆಂಬುದೇ ಸೋರಿಕೆಯ ಗುರುತು. ಹೆಚ್ಚಾಗಿ ಅದು ಹಾಳೆಯ ಕೆಳಅಂಚು, ಸ್ಪೀಕರಿನ ಸುತ್ತು ಅಥವಾ ವೈರು ಹೊಕ್ಕ ಜಾಗ.

ಹಳೆಯ ಅಂಟನ್ನು ಕಿತ್ತು, ತಗಡನ್ನು ಒರೆಸಿ, ಹವೆ ತಂಪಾಗಿದ್ದರೆ ಹೇರ್ ಡ್ರೈಯರ್‌ನಿಂದ ಒಣಗಿಸಿ, ಏಕೆಂದರೆ ತೇವದ ಮೇಲೆ ಅಂಟು ನಿಲ್ಲದು. ಹೊಸ ಬ್ಯೂಟೈಲ್ ಟೇಪನ್ನು (ನೀರು ತಡೆಯುವ ಮೆತ್ತನೆಯ ಅಂಟುಪಟ್ಟಿ) ಹಾಳೆಯ ಸುತ್ತ ಎಲ್ಲೂ ಕಡಿಯದಂತೆ ಅಂಟಿಸಿ. ಜೋಡಣೆ ಬಂದರೆ ಮೇಲಂಚಿನಲ್ಲಿ ಬರಲಿ, ಕೆಳಗೆ ಬೇಡ. ಹಾಳೆಯ ಕೆಳತುದಿ ತಗಡಿನ ಸೀಳಿನೊಳಗೆ ಇಳಿಯುವ ಕಾರುಗಳಲ್ಲಿ ಅದನ್ನು ಹಾಗೆಯೇ ಇಳಿಸಬೇಕು. ಹೊರಗೆ ಬಿಟ್ಟರೆ ಅದರ ಮೇಲೆ ಹರಿದ ನೀರೆಲ್ಲ ಮ್ಯಾಟ್‌ಗೇ ಬೀಳುತ್ತದೆ. ಟೇಪಿನ ಬದಲು ಹಚ್ಚುವ ಹುಳಿ ವಾಸನೆಯ ಸಿಲಿಕಾನ್ ಅಂಟು ತಗಡಿಗೆ ತುಕ್ಕು ತರಬಲ್ಲದು, ಮುಂದಿನ ರಿಪೇರಿಯಲ್ಲಿ ಹಾಳೆಯನ್ನೂ ಹರಿಯುತ್ತದೆ, ಅದು ಬೇಡ.

ಪ್ಯಾನಲ್ ಕೂರಿಸುವ ಮೊದಲೇ ಇನ್ನೊಮ್ಮೆ ನೀರು ಬಿಟ್ಟು ನೋಡಿ. ಬಾಗಿಲು ಒಣಗಿದ್ದು, ಎಸಿ ಓಡಿಸಿದಾಗ ಮಾತ್ರ ಮ್ಯಾಟ್ ತೊಯ್ದರೆ, ಎಸಿಯ ನೀರು ಹೊರಹೋಗುವ ಪೈಪು ಕಟ್ಟಿದೆಯೇ ಎಂದು ಪರೀಕ್ಷಿಸಿ.